ಮೂಗಿನ ಪಕ್ಕದ ಮೂರನೇ ಕಣ್ಣು

ಕಳೆದ ವಾರ ಅಕ್ಕನ ಮನೆಗೆ ಅಂತ ಹೊಳಲೂರಿಗೆ ಹೋಗಿದ್ದೆ. ಕಾಫಿ ಲೋಟ ಕೈಗೆ ಕೊಡೋ ಮೊದಲೇ ಅಕ್ಕ ಮಗನನ್ನು ಕರೆದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಳು. ನಾಲ್ಕನೇ ಕ್ಲಾಸಿನ ಹುಡುಗ. ಪೇಪರ್ ಕೊಟ್ಟರೆ ಮೂಸಿ ನೋಡಿ ಹೆಡ್‌ಲೈನ್ ಓದಿಬಿಟ್ಟ! ಅಕ್ಕನ ಅತ್ತೆ ದೃಷ್ಟಿ ತೆಗೆದರು. ಶಿವಮೊಗ್ಗದಲ್ಲಿ ಎರಡು ದಿನದ 'ಮಿಡ್‌ಬ್ರೈನ್ ಆಕ್ಟಿವೇಶನ್' ಶಿಬಿರವಂತೆ. ಅಡಿಕೆ ಮಾರಿದ ದುಡ್ಡಲ್ಲಿ ಎಂಟು ಸಾವಿರ ಕಟ್ಟಿದ್ದಾಳೆ.

ನನಗೆ ಉರಿದುಹೋಯ್ತು...

ಸ್ವಾಮಿ, ಮಿಡ್‌ಬ್ರೈನ್ ಅಂದ್ರೆ ನಡುಮಿದುಳು. ಮಿದುಳಿನ ಕಾಂಡದ ಮೇಲ್ತುದಿಯಲ್ಲಿರುವ, ಸುಮಾರು ಎರಡು ಸೆಂಟಿಮೀಟರ್ ಉದ್ದದ ಭಾಗ. ಬೆಳಕು ಬಿದ್ದರೆ ಪಾಪೆ ಕಿರಿದು ಮಾಡುವುದು, ಸದ್ದಾದ ಕಡೆ ಕಣ್ಣು ಹೊರಳಿಸುವುದು, ಇಂಥವೆಲ್ಲ ಅದರ ಕೆಲಸ. ಅಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋದರೆ ಪಾರ್ಕಿನ್ಸನ್ ಕಾಯಿಲೆ. ಅದನ್ನು ನೀವೇನು 'ಆಕ್ಟಿವೇಟ್' ಮಾಡೋದು? ಅದು ಆಫ್ ಆಗಿದ್ದಿದ್ದರೆ ಹುಡುಗ ಶಿಬಿರಕ್ಕೆ ನಡೆದು ಬರುತ್ತಿರಲಿಲ್ಲ, ಕೋಮಾದಲ್ಲಿ ಮಲಗಿರುತ್ತಿದ್ದ.

ಓದೋದು ಬೇರೆಯದೇ ಕಥೆ. ಅಕ್ಷರದಿಂದ ಬಂದ ಬೆಳಕು ಅಕ್ಷಿಪಟಲದ ಮೇಲೆ ಬೀಳಬೇಕು, ಆ ಸುದ್ದಿ ನರದ ಮೂಲಕ ಥಾಲಮಸ್ ದಾಟಿ ತಲೆಯ ಹಿಂಭಾಗಕ್ಕೆ ಹೋಗಬೇಕು. ಅಲ್ಲಿಂದ ಮುಂದೆ, ಸಾಮಾನ್ಯವಾಗಿ ಎಡಗಡೆ, ಅಕ್ಷರ ಗುರುತಿಸುವ ಜಾಗ. ಆಮೇಲೆ ಅದಕ್ಕೆ ದನಿ, ಅರ್ಥ. ಈ ದಾರಿ ಹುಟ್ಟುತ್ತಲೇ ಬರೋದಿಲ್ಲ, ತಿದ್ದಿ ತಿದ್ದಿ ಆಗೋದು. ಅದರಲ್ಲೂ ನಮ್ಮ ಕಾಗುಣಿತ, ಒತ್ತಕ್ಷರ! ಅವೆಲ್ಲ ಕೈವಶವಾಗಲು ಶಾಲೆಯ ಮೊದಲೆರಡು ವರ್ಷ ಸಾಲುವುದಿಲ್ಲ ಅಂತ ಸೋನಾಲಿ ನಾಗ್ ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಇವರು ಎರಡು ದಿನದಲ್ಲಿ ಮೂಗಿಗೇ ಓದು ಕಲಿಸ್ತಾರಂತೆ!

ಕಣ್ಣಿಲ್ಲದೆ ಓದುವವರೂ ಇದ್ದಾರೆ, ಬ್ರೈಲ್‌ನಲ್ಲಿ. ಅದಕ್ಕೆ ಬೆರಳಿಗೆ ಸಿಗುವ ಉಬ್ಬು ಚುಕ್ಕೆ ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು. ಚಿಕ್ಕಂದಿನಿಂದ ಕಣ್ಣು ಕಾಣದವರು ಹಾಗೆ ಓದುವಾಗ ಮಿದುಳಿನ ದೃಷ್ಟಿಯ ಭಾಗವೇ ಕೆಲಸ ಮಾಡುತ್ತೆ ಅಂತ 1996ರಲ್ಲೇ ಕಂಡುಕೊಂಡಿದ್ದಾರೆ. ಬೆರಗಾಗಬೇಕಿದ್ದರೆ ಅದಕ್ಕೆ ಆಗಿ. ಪೇಪರ್ ಮೂಸಿದರೆ ಶಾಯಿ ವಾಸನೆ ಬರಬಹುದು, 'ಕ'ಗೊಂದು 'ಖ'ಗೊಂದು ವಾಸನೆ ಇದೆಯಾ?

ಮಂಗಳೂರಿನ ನರೇಂದ್ರ ನಾಯಕ್ ಇದರ ಗುಟ್ಟನ್ನು ಬಹಳ ಹಿಂದೆಯೇ ಬಯಲು ಮಾಡಿದ್ದಾರೆ. ನಾನೂ ಒಂದು ಸಣ್ಣ ಪರೀಕ್ಷೆ ಮಾಡಿದೆ. ಹುಡುಗನ ಮೂಗಿನ ಕೆಳಗೆ ಒಂದು ರಟ್ಟು ಅಡ್ಡ ಹಿಡಿದೆ, ಅಷ್ಟೆ. "ಇವತ್ತು ಬರ್ತಿಲ್ಲ ಮಾಮ" ಅಂದ. "ನೀನು ನಂಬಲ್ಲ ಅಂತ್ಲೇ ಅವನಿಗೆ ಬರ್ತಿಲ್ಲ ಕಣೋ" ಅಂತ ಅಕ್ಕ ಮುಖ ಊದಿಸಿಕೊಂಡಳು. (ಇದನ್ನೂ ಶಿಬಿರದಲ್ಲೇ ಹೇಳಿಕೊಟ್ಟಿದ್ದಾರೆ!)

ಸಂಜೆ ಹೊಳೆ ಕಡೆ ಹೋದಾಗ ಹುಡುಗ ತಾನಾಗೇ ಬಾಯಿಬಿಟ್ಟ. "ಮಾಮ, ಮೂಗಿನ ಪಕ್ಕ ಸಂದೀಲಿ ಕಾಣುತ್ತೆ. ಅಲ್ಲಿ ಎಲ್ರೂ ಹಂಗೇ ಓದೋದು. ಅಮ್ಮಂಗೆ ಹೇಳ್ಬೇಡ, ಅಷ್ಟೊಂದು ದುಡ್ಡು ಕಟ್ಟಿದಾಳೆ."

ಒಂಬತ್ತು ವರ್ಷದ ಹುಡುಗ. ತಾಯಿಗೆ ಬೇಜಾರಾಗಬಾರದು ಅಂತ ಬಂದ ನೆಂಟರ ಮುಂದೆಲ್ಲ ಸುಳ್ಳು ಓದಬೇಕು. ಎಂಟು ಸಾವಿರ ಹೋದರೆ ಹೋಯ್ತು, ಮುಂದಿನ ಕೊಯ್ಲಿಗೆ ಬರುತ್ತೆ. ಇದನ್ನು ಹೇಗೆ ವಾಪಸ್ ಕೊಡ್ತೀರಿ ಶಿಬಿರದವರೇ?

ಅಕ್ಕನಿಗೆ ಇನ್ನೂ ಹೇಳಿಲ್ಲ. ಆದರೆ ಮುಂದಿನ ತಿಂಗಳ ಶಿಬಿರಕ್ಕೆ ಚಿಕ್ಕವಳ ಹೆಸರನ್ನೂ ಬರೆಸಿದ್ದಾಳಂತೆ. ಭಾನುವಾರ ಮತ್ತೆ ಹೊಳಲೂರಿನ ಬಸ್ಸು ಹತ್ತುತ್ತಿದ್ದೇನೆ, ರಟ್ಟಿನ ಸಮೇತ.