ಚಂಡಮಾರುತ ದಡ ಸೇರಿದ ಮೇಲೆ



ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಸಾಕು, ನಮ್ಮ ಹಳ್ಳಿಗಳ ಹುಡುಗರು ಮೊಬೈಲಿನಲ್ಲಿ ಅದರ ಜಾಡು ಹಿಡಿದು ಕೂರುತ್ತಾರೆ. ಒಳ್ಳೆಯ ಚಟವೇ. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಚಂಡಮಾರುತವೆಂದು ಈಗ ಅವರೇ ನಮಗೆ ಹೇಳುತ್ತಾರೆ! ಆದರೆ ಅದು ದಡ ಸೇರಿತೆಂದೊಡನೆ ಮೊಬೈಲು ಜೇಬು ಸೇರುತ್ತದೆ. 2023ರ ಡಿಸೆಂಬರ್ 5ರಂದು ‘ಮಿಚಾಂಗ್’ ಆಂಧ್ರದ ಬಾಪಟ್ಲ ಬಳಿ ದಡ ಸೇರಿತು. ಇಂಥವು ನೆಲಕ್ಕೆ ಬಂದ ಮೇಲೆ ಕಡಲಿನ ಬಿಸಿ ತಪ್ಪಿ ಗಾಳಿ ಸೋಲುತ್ತದೆ. ಮೋಡ ಮಾತ್ರ ಒಳನಾಡಿಗೂ ಬರಬಹುದು. ಗಂಗಾವತಿಯ ಮಾಗಿದ ಭತ್ತಕ್ಕೆ ಆ ಮಳೆಯೇ ವೈರಿ. ಗದ್ದೆಯ ನೀರು ಮೊದಲೇ ಬಸಿದುಬಿಡಿ. ಕೊಯ್ದದ್ದನ್ನು ಎತ್ತರದ ಜಾಗಕ್ಕೆ ಸಾಗಿಸಿ ತಾಡಪತ್ರಿ ಹೊದಿಸಿ; ಅವಸರಪಟ್ಟು ಕೊಯ್ದು ಗದ್ದೆಯಲ್ಲೇ ಹರವಬೇಡಿ. ಕುಷ್ಟಗಿ, ಯಲಬುರ್ಗಾದವರು ಕಡಲೆಗೆ ಔಷಧಿ ಹೊಡೆಯುವುದನ್ನು ಮೋಡ ಸರಿಯುವತನಕ ತಡೆಯಿರಿ.