ಶ್ರುತಿಪೆಟ್ಟಿಗೆಯ ಕಪ್ಪುಕಾಳು

ಮಕ್ಕಳೇ, ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಅಲಾರಂ ಬೇಕಿಲ್ಲ. ನಿಮ್ಮ ಅಜ್ಜಿಯಂಥ ನನ್ನಾಕೆ ಶ್ರುತಿಪೆಟ್ಟಿಗೆ ಹಾಕಿಕೊಂಡು ಹಾಡಲು ಕೂರುತ್ತಾಳೆ. ಕಳೆದ ತಿಂಗಳು ಒಂದು ದಿನ ಆ ಸದ್ದೇ ಬರಲಿಲ್ಲ. ಸದ್ದಿಲ್ಲ ಅಂತಲೇ ನನಗೆ ಎಚ್ಚರವಾಯಿತು ಅಂದರೆ ನಂಬುತ್ತೀರಾ?

ಅದು ಕರೆಂಟಿನ ಶ್ರುತಿಪೆಟ್ಟಿಗೆ, 9 ವೋಲ್ಟಿನದು. ಅಡಾಪ್ಟರ್ ಚುಚ್ಚಿದರೂ ದೀಪ ಹತ್ತಲಿಲ್ಲ. ಹೊಸದು ತರೋಣವೆಂದೆ. “ಬೇಡ ಬಿಡಿ, ಅದಕ್ಕೂ ವಯಸ್ಸಾಯಿತು, ನನಗೂ ಆಯಿತು” ಎಂದು ಅಡುಗೆಮನೆಗೆ ಹೋದಳು. ಮೂರು ದಿನ ಹಾಡಲೇ ಇಲ್ಲ. ಪೆಟ್ಟಿಗೆ ಕೆಟ್ಟದ್ದಕ್ಕಿಂತ ನನಗೆ ಈ ಮಾತೇ ಹೆಚ್ಚು ಚುಚ್ಚಿತು.

ನಾಲ್ಕನೆಯ ದಿನ ಏಳನೇ ಕ್ಲಾಸಿನ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಕ್ರೂ ಬಿಚ್ಚಿದೆ. (ಅಡಾಪ್ಟರ್ ಹೊರಗಿರುವ ಪೆಟ್ಟಿಗೆಯಾದ್ದರಿಂದ ಬಿಚ್ಚಿದೆ. ಗೋಡೆಯ ಕರೆಂಟು ನೇರ ಒಳಕ್ಕೆ ಹೋಗುವ ಟೀವಿ, ಮಿಕ್ಸಿಗಳನ್ನು ನೀವು ಮುಟ್ಟಬಾರದು, ಪ್ಲಗ್ ಕಿತ್ತಿದ್ದರೂ ಸರಿ.) ಒಳಗೆ ಹಸಿರು ಬೋರ್ಡು. ಅದರ ಮೇಲೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಸಣ್ಣ ಸಣ್ಣ ಭಾಗಗಳು. ಅಡಾಪ್ಟರ್ ಚುಚ್ಚುವ ಕಿಂಡಿಯ ಬಳಿ ಹೆಸರುಕಾಳಿನಷ್ಟು ದೊಡ್ಡದೊಂದು ಚೂರು ಸುಟ್ಟು ಕರಕಲಾಗಿತ್ತು. ಬೋರ್ಡಿನ ಮೇಲೆ ಅದರ ಹೆಸರು ಬರೆದಿದ್ದ ಜಾಗವೂ ಕಪ್ಪಾಗಿ, ‘1’ ಅನ್ನುವ ಅಂಕಿ ಮಾತ್ರ ಉಳಿದಿತ್ತು.

“ಇದೇನು ತಾತಾ?”

ನನಗೆ ಹೇಗೆ ಗೊತ್ತು! ನಾನು ಓದಿದ್ದು ಬಿ.ಕಾಂ. ಆದರೆ ಬ್ಯಾಂಕಿನಲ್ಲಿ ಒಂದು ವಿದ್ಯೆ ಕಲಿತಿದ್ದೆ. ಸಂಜೆ ಲೆಕ್ಕ ತಾಳೆಯಾಗದೆ 63 ರೂಪಾಯಿ ವ್ಯತ್ಯಾಸ ಬಂತು ಅನ್ನಿ. ಅದನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ಶೇಷವಿಲ್ಲದೆ ಹೋದರೆ, ಯಾರೋ 81 ಬರೆಯುವಲ್ಲಿ 18 ಬರೆದಿರಬಹುದು ಎಂದು ಅನುಮಾನ. ತಪ್ಪು ಕಣ್ಣಿಗೆ ಬೀಳದಿದ್ದರೆ ಅಕ್ಕಪಕ್ಕದಿಂದ ಹಿಡಿಯಬೇಕು. ಸರಿ, ಈ ಕಪ್ಪುಕಾಳಿನ ನೆರೆಹೊರೆ ನೋಡಿದೆವು.

ಬೋರ್ಡಿನ ಮೇಲೆ ಪ್ರತಿ ಭಾಗದ ಪಕ್ಕ ಅಕ್ಷರವಿರುತ್ತದೆ. ಆರ್ ಅಂದರೆ ರೆಸಿಸ್ಟರ್, ಸಿ ಅಂದರೆ ಕೆಪಾಸಿಟರ್, ಡಿ ಅಂದರೆ ಡಯೋಡ್, ಎಫ್ ಅಂದರೆ ಫ್ಯೂಸ್. ರೆಸಿಸ್ಟರುಗಳ ಬೆನ್ನ ಮೇಲೆ ಅಂಕಿಗಳಿದ್ದವು. ಭೂತಗನ್ನಡಿ ಹಿಡಿದು ಮೊಮ್ಮಗ ‘103’ ಎಂದು ಓದಿದ. ನೂರಾಮೂರಲ್ಲ, 10ರ ಮುಂದೆ ಮೂರು ಸೊನ್ನೆ, ಅಂದರೆ 10,000 ಓಮ್. ಹಾಗಾದರೆ 472? ನೀವೇ ಹೇಳಿ ನೋಡೋಣ. 4,700. ಕಂದುಬಣ್ಣದ ಸಣ್ಣ ಕೆಪಾಸಿಟರುಗಳ ಮೇಲೆ ಏನೂ ಬರೆದಿರಲಿಲ್ಲ. ಆ ಜಾತಿಯವಕ್ಕೆ ಬರೆಯುವ ರೂಢಿಯೇ ಇಲ್ಲ. ಅಂಥದ್ದು ಸುಟ್ಟುಹೋಗಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ.

ಆಮೇಲೆ ಮಲ್ಟಿಮೀಟರ್ ತಂದು ತಾಮ್ರದ ದಾರಿ ಹಿಡಿದು ಹೋದೆವು. ಕಪ್ಪುಕಾಳಿನ ಒಂದು ತುದಿ ಕಿಂಡಿಯ ಪ್ಲಸ್ಸಿಗೆ ಸೇರಿತ್ತು, ಇನ್ನೊಂದು ತುದಿ ಮೈನಸ್ಸಿಗೆ. ಅಂದರೆ ಇದು ಕರೆಂಟು ಹಾದುಹೋಗುವ ದಾರಿಯಲ್ಲಿ ಕೂತಿಲ್ಲ, ಎರಡು ದಡಗಳ ನಡುವೆ ಅಡ್ಡ ಮಲಗಿದೆ. ಫ್ಯೂಸ್ ಹೀಗಿರಲು ಸಾಧ್ಯವಿಲ್ಲ. ಉಳಿದದ್ದು ಕೆಪಾಸಿಟರ್ ಇಲ್ಲವೇ ಡಯೋಡ್. ಹತ್ತಿಯಿಂದ ಮಸಿ ಒರೆಸಿದಾಗ ಒಂದು ತುದಿಯಲ್ಲಿ ಬಿಳಿ ಗೆರೆ ಕಂಡಿತು, ಅದೂ ಪ್ಲಸ್ಸಿನ ಕಡೆಗೆ. ಮೈಮೇಲೆ ‘ಎಂ’ ಅಕ್ಷರ. ಅದರ ಮುಂದಿನ ಅಂಕಿ ಕರಗಿಹೋಗಿತ್ತು.

ಡಯೋಡ್ ಕರೆಂಟನ್ನು ಒಂದೇ ಕಡೆಗೆ ಬಿಡುತ್ತದೆ. ಗೆರೆಯಿರುವ ತುದಿ ಪ್ಲಸ್ಸಿಗಿದ್ದರೆ ಅದು ಸುಮ್ಮನೆ ಮಲಗಿರಬೇಕು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಮಾತ್ರ ಎದ್ದು, ಕರೆಂಟನ್ನೆಲ್ಲ ತನ್ನ ಮೈಮೇಲೆ ಎಳೆದುಕೊಂಡು ಒಳಗಿನವರನ್ನು ಕಾಯುತ್ತದೆ. ಬಾಗಿಲಲ್ಲಿ ಮಲಗಿದ ಕಾವಲುಗಾರ!

“ಆದರೆ ಅಜ್ಜಿ ಯಾವಾಗಲೂ ಅದೇ ಅಡಾಪ್ಟರ್ ಹಾಕುತ್ತಾಳಲ್ಲೋ, ಅದಲುಬದಲು ಹೇಗಾಯಿತು?” ಎಂದು ನನ್ನಷ್ಟಕ್ಕೆ ನಾನೇ ಕೇಳಿಕೊಂಡೆ. ಪಕ್ಕದಲ್ಲಿ ಮಾತಿಲ್ಲ. ನೋಡಿದರೆ ಹುಡುಗನ ಕಿವಿ ಕೆಂಪಗಾಗಿದೆ.

“ತಾತಾ, ಅವತ್ತು ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದಳು. ಅವಳ ಅಡಾಪ್ಟರ್ ಸಿಗಲಿಲ್ಲ. ನೆಟ್ಟಿನ ಡಬ್ಬಿಯದನ್ನು ಹಾಕಿದೆ. ಸರಿಯಾಗಿ ಕೂತಿತು. ಆಮೇಲೆ ವಾಸನೆ ಬಂತು.”

ಎರಡೂ ಅಡಾಪ್ಟರ್ ತಂದು ಬೆನ್ನು ತಿರುಗಿಸಿ ನೋಡಿದೆವು. ಸಣ್ಣ ವೃತ್ತದ ಚಿತ್ರದಲ್ಲಿ ಒಂದಕ್ಕೆ ನಡುವೆ ಮೈನಸ್ಸು, ಇನ್ನೊಂದಕ್ಕೆ ನಡುವೆ ಪ್ಲಸ್ಸು! ಪಿನ್ನು ಮಾತ್ರ ಒಂದೇ ಅಳತೆ. ಹೀಗೆ ಮಾಡುವವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನೆಟ್ಟಿನದು 12 ವೋಲ್ಟ್, 2 ಆಂಪಿಯರ್. ಇಷ್ಟು ಗೊತ್ತಾದ ಮೇಲೆ ಬೈಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅವನು ಹೇಳದೇ ಹೋಗಿದ್ದರೆ ನನ್ನ ಊಹೆ ಊಹೆಯಾಗಿಯೇ ಉಳಿಯುತ್ತಿತ್ತು.

ನಮ್ಮ ಬೀದಿಯ ಮೊಬೈಲ್ ರಿಪೇರಿ ಹುಡುಗನಿಗೆ ಬೋರ್ಡು ತೋರಿಸಿದೆವು. “ಎಂ ಮುಂದಿನ ಅಂಕಿ ಹೋಗಿದೆಯಪ್ಪ” ಎಂದೆ. ಅವನು ನಕ್ಕ. ಎಂ1ರಿಂದ ಎಂ7ರವರೆಗೆ ಎಲ್ಲವೂ 1 ಆಂಪಿಯರಿನವೇ ಅಂತೆ. ತಡೆಯುವ ವೋಲ್ಟ್ ಮಾತ್ರ ಬೇರೆ: ಎಂ1 50 ವೋಲ್ಟ್ ತಡೆದರೆ ಎಂ7 1,000 ವೋಲ್ಟ್. ಎಲ್ಲರಿಗಿಂತ ಗಟ್ಟಿಯಾದ ಎಂ7 ಹಾಕಿಬಿಟ್ಟರೆ ಕಳೆದುಹೋದ ಅಂಕಿ ಯಾವುದಾದರೇನು! ಕರಕಲನ್ನು ಕಿತ್ತು ಮೀಟರ್ ಇಟ್ಟ. ಅದುವರೆಗೆ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಬೀಪ್ ಎನ್ನುತ್ತಿದ್ದ ಮೀಟರ್ ಸುಮ್ಮನಾಯಿತು. ಒಳಗೆ ಬೇರೆ ಶಾರ್ಟ್ ಇಲ್ಲ. ಗೆರೆ ಪ್ಲಸ್ಸಿನ ಕಡೆಗಿರುವಂತೆ ಹೊಸದನ್ನು ಬೆಸೆದ. ಅಜ್ಜಿಯ ಅಡಾಪ್ಟರ್ ಚುಚ್ಚಿದಾಗ ಆ ಅಂಗಡಿಯಲ್ಲೇ ಸಾ–ಪಾ–ಸಾ ಎದ್ದಿತು.

ಮನೆಗೆ ಬಂದು ಅಜ್ಜಿಯ ಮುಂದೆ ತಾನೇ ಹೇಳುತ್ತೇನೆಂದ, ಹೇಳಿದ. ಅವಳು ಕಣ್ಣು ಮುಚ್ಚಿ ಶ್ರುತಿ ಕೇಳುತ್ತಿದ್ದವಳು, “ನೀನು ಇದನ್ನು ಯಾಕೆ ಹಾಕಿದ್ದೋ ಆವತ್ತು?” ಎಂದಳು.

“ನಿನ್ನ ಹಾಗೆ ಹಾಡಿ ನೋಡೋಣ ಅಂತ.”

ಈಗ ಐದೂವರೆಗೆ ಎರಡು ದನಿ ಕೇಳುತ್ತವೆ. ಒಂದು ಸ್ವಲ್ಪ ಅಪಶ್ರುತಿ. ಅಡಾಪ್ಟರಿನ ಮೇಲೆ ‘ಅಜ್ಜಿಯದು’ ಎಂದು ಕೆಂಪು ಶಾಯಿಯ ಚೀಟಿ ಅಂಟಿಸಿದೆ.