ಗಂಟೆ ಕದ್ದವರು ಯಾರು? ಕಳ್ಳನ ಪಾತ್ರ ಯಾರಿಗೆ?

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಶಾಲಾ ವಾರ್ಷಿಕೋತ್ಸವಗಳ ಸಾಲು. ವರದಿಗೆಂದು ಹೋದಲ್ಲೆಲ್ಲ ಒಂದೇ ನೋಟ. ಪೆನ್‌ಡ್ರೈವ್‌ನಲ್ಲಿ ಸಿನಿಮಾ ಹಾಡು, ಬಾಡಿಗೆ ಡ್ರೆಸ್ಸು, ಕುಣಿತ. ಕುಣಿತ ಬೇಡ ಅನ್ನುವವನು ನಾನಲ್ಲ. ಆದರೆ ಡ್ರೆಸ್ಸಿನ ಬಾಡಿಗೆಗೆ ಕಾಸಿಲ್ಲದ ಮಕ್ಕಳು ಕೆಳಗೇ ಕೂತು ಚಪ್ಪಾಳೆ ತಟ್ಟುತ್ತಾರೆ. ಅದಕ್ಕೇ ಈ ಸಲ ಒಂದು ನಗೆ ಪತ್ತೇದಾರಿ ನಾಟಕ ಆಡಿಸಿ ಅಂತ ಮೇಷ್ಟ್ರು, ಟೀಚರಮ್ಮಂದಿರಲ್ಲಿ ಕೇಳಿಕೊಳ್ತೀನಿ. ಜೊತೆಗೆ ಒಂದು ತಕರಾರೂ ಇದೆ.

ಪತ್ತೇದಾರಿ ಕಥೆ ನಮಗೆ ಹೊಸದಲ್ಲ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿ. ಬರೆದದ್ದು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ 1952ರಲ್ಲಿ ಶುರುವಾಗಿದ್ದು, ಕೊರೊನಾ ಕಾಲದಲ್ಲಿ ನಿಂತದ್ದು ಬಿಟ್ಟರೆ ಇನ್ನೂ ನಡೀತಿದೆ. ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಅಂತ ಆಟ ಮುಗಿದ ಮೇಲೆ ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಅಲ್ಲಿಯ ಪದ್ಧತಿ.

ಶಾಲೆ ನಾಟಕಕ್ಕೆ ಕೊಲೆ ಬೇಕಿಲ್ಲ. ಶಾಲೆ ಗಂಟೆ ಕಳೆದುಹೋದರೆ ಸಾಕು. ಅದೇ, ಹಗ್ಗ ಕಟ್ಟಿ ನೇತುಹಾಕಿದ ರೈಲು ಹಳಿಯ ತುಂಡು. ಗಂಟೆ ಇಲ್ಲ, ಹಾಗಾಗಿ ಶಾಲೆ ಬಿಡೋ ಹಾಗಿಲ್ಲ! ಹೆಡ್‌ಮಾಸ್ಟರಿಗೆ ತಲೆಬಿಸಿ, ಅಡುಗೆ ಅಕ್ಕನಿಗೆ ಊಟಕ್ಕೆ ಯಾವಾಗ ಕರೀಬೇಕು ಅನ್ನೋ ಚಿಂತೆ. ಎಸ್‌ಡಿಎಂಸಿ ಅಧ್ಯಕ್ಷರು ಬಂದು ಭಾಷಣ ಶುರು ಮಾಡ್ತಾರೆ, ಗಂಟೆ ಇಲ್ಲದ್ದರಿಂದ ಅದೂ ನಿಲ್ಲಲ್ಲ. ಕಾಡಿಗೆ ಮೀಸೆಯ ಪೊಲೀಸಪ್ಪ ಮೊದಲು ಹಿಡಿಯೋದು ದಾರೀಲಿ ಸೈಕಲ್ ತಳ್ಕೊಂಡು ಹೋಗ್ತಿದ್ದ ಗುಜರಿಯವನನ್ನ. ಊರೆಲ್ಲ ಸೇರಿ ಅವನನ್ನು ಕಂಬಕ್ಕೆ ಕಟ್ಟುತ್ತೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ಹಗ್ಗದ ತುದಿ ನೋಡಿ, ಇದು ಕೊಯ್ದಿದ್ದಲ್ಲ, ಜಗಿದಿದ್ದು ಅಂತಾಳೆ. ಗಂಟೆ ಕಸದ ಗುಂಡೀಲಿ ಸಿಗುತ್ತೆ, ಹಗ್ಗ ಅಧ್ಯಕ್ಷರ ಮೇಕೆಯ ಹೊಟ್ಟೇಲಿ!

ಇಂಥದ್ದನ್ನು ಬರೆಯುವಾಗ ಕೊನೇ ದೃಶ್ಯ ಮೊದಲು ಬರೀರಿ. ಆಮೇಲೆ ಸುಳಿವುಗಳನ್ನು ಹಿಂದೆ ಇಡ್ತಾ ಬನ್ನಿ. ಮೊದಲ ದೃಶ್ಯದಲ್ಲೇ ಮೇಕೆ ಒಮ್ಮೆ ಹಾದುಹೋಗಬೇಕು, ಜನ ನಕ್ಕು ಮರೀಬೇಕು. ಮೇಕೆ ಪಾತ್ರಕ್ಕೆ ಮಾತಿಲ್ಲ. ಆದರೂ ಮಕ್ಕಳು ಜಗಳ ಆಡೋದು ಅದಕ್ಕೇ.

ಈಗ ತಕರಾರು. ಶಾಲೆ ನಾಟಕಗಳಲ್ಲಿ ಕಳ್ಳನ ಪಾತ್ರ ಯಾರಿಗೆ ಕೊಡ್ತಾರೆ, ಗಮನಿಸಿದ್ದೀರಾ? ನಾನು ನೋಡಿದಂತೆ ಬಹಳ ಸಲ ಅದು ಊರಾಚೆ ಕೇರಿಯ ಹುಡುಗನಿಗೆ, ಇಲ್ಲಾ ಮೈಬಣ್ಣ ಕಪ್ಪಿರೋ ಹುಡುಗನಿಗೆ. ರಾಜ, ಪೊಲೀಸ್, ಮೇಷ್ಟ್ರ ಪಾತ್ರ ಅಂಗಡಿ ಸಾಹುಕಾರರ ಮಗನಿಗೆ. ನಾಟಕ ಮುಗಿದ ಮೇಲೂ ‘ಏ ಕಳ್ಳ’ ಅನ್ನೋ ಹೆಸರು ಆ ಹುಡುಗನನ್ನು ಬಿಡಲ್ಲ. ಆಮೇಲೆ ಕ್ಲಾಸಲ್ಲಿ ಪೆನ್ನು ಕಳೆದರೂ ಮೊದಲು ಅವನದೇ ಚೀಲ ತಡಕ್ತಾರೆ. ಮೇಷ್ಟ್ರು ಬೇಕಂತ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ಯೋಚನೆ ಮಾಡದೆ ಮಾಡ್ತಾರೆ, ಅದೇ ನನಗೆ ಭಯ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನೆನಪಿರಬಹುದು. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರಗಿನವರನ್ನು ಮಕ್ಕಳ ಕಳ್ಳರು ಅಂತ ಗುಂಪು ಹೊಡೆಯಿತು. ಹೈದರಾಬಾದಿನ ಯುವಕನೊಬ್ಬ ಸತ್ತ. ಸುಳ್ಳು ಹರಡಿದ್ದು ವಾಟ್ಸಾಪಿನಲ್ಲಿ, ಈಗ ನೀವು ಇದನ್ನು ಓದುತ್ತಿರುವಂಥದ್ದೇ ಫೋನುಗಳಲ್ಲಿ. ಯಾರೂ ಹಗ್ಗದ ತುದಿ ನೋಡಲಿಲ್ಲ.

ಅದಕ್ಕೇ ನಾಟಕದಲ್ಲಿ ಗುಜರಿಯವನನ್ನು ಕಂಬಕ್ಕೆ ಕಟ್ಟುವ ಗಳಿಗೆಯಲ್ಲಿ ನಗು ಬೇಡ. ಅಲ್ಲಿ ಅರ್ಧ ನಿಮಿಷ ಎಲ್ಲರೂ ಸುಮ್ಮನಿರಲಿ. ನಗಿಸಲಿಕ್ಕೆ ಅಧ್ಯಕ್ಷರ ಭಾಷಣ ಇದೆ, ಪೊಲೀಸಪ್ಪನ ಜಾರುವ ಮೀಸೆ ಇದೆ. ಉಗ್ಗು, ಕುಂಟು, ಮೈಬಣ್ಣ ಹಿಡಿದು ನಗಿಸೋದನ್ನು ಟಿವಿಯವರಿಗೇ ಬಿಡಿ.

ಪಾತ್ರ ಹಂಚುವಾಗ ಚೀಟಿ ಎತ್ತಿಸಿ. ಸಾಹುಕಾರರ ಮಗನಿಗೆ ಗುಜರಿ ಸೈಕಲ್ ಬಂದರೆ ತಳ್ಳಲಿ. ಕೇರಿಯ ಹುಡುಗಿಗೆ ಪತ್ತೇದಾರಿಕೆ ಬಂದರೆ ಮೈಕು ಅವಳ ಎತ್ತರಕ್ಕೆ ಇಳಿಸಿ. ಇರೋದು ಒಂದೇ ಮೈಕಾದರೆ ಸುಳಿವಿನ ಮಾತನ್ನು ಎರಡು ಸಲ ಹೇಳಿಸಿ. ಹಿಂದೆ ಕೂತ ಅಜ್ಜಿಯರಿಗೂ ಕಳ್ಳ ಯಾರು ಅಂತ ಊಹಿಸೋ ಹಕ್ಕಿದೆ.